ಒರೆಸಬಾರದ ಮದ್ದು

ಫಿಸಿಷಿಯನ್ ಅಸಿಸ್ಟೆಂಟ್ ಅಂದರೆ ಏನೆಂದು ಹಬ್ಬುವಾಡದ ನನ್ನ ಮನೆಯೊಡತಿಗೆ ಕೊನೆಗೂ ತಿಳಿಯಲಿಲ್ಲ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ ಅಂದರೆ, "ಮತ್ತೆ ಎಂತಾ ನೀನು?" ಎಂದು ನಗುತ್ತಿದ್ದರು. ತರಬೇತಿಯ ಕೊನೆಯ ವರ್ಷ ನಾನು ಕಾರವಾರದ ಒಂದು ಸ್ಕ್ಯಾನಿಂಗ್ ಕೋಣೆಯಲ್ಲಿದ್ದೆ. ಮಕ್ಕಳ ಹೊಟ್ಟೆಯ ಮೇಲೆ ಮೊದಲು ನಾನು ಪ್ರೋಬ್ ಇಟ್ಟು ನೋಡಬೇಕು, ಆಮೇಲೆ ಡಾಕ್ಟರು. ಅವರದು ಒಂದೇ ನಿಯಮ: ಕಂಡದ್ದನ್ನು ನನಗೆ ಹೇಳು, ತಾಯಿಗೆ ಹೇಳಬೇಡ.

ಎಲುಬಿಲ್ಲದ ನಾಲಿಗೆ ನನ್ನದು. ಹದಿನೈದು ದಿನದ ಹಿಂದಷ್ಟೇ ಒಬ್ಬ ತಾಯಿಯೆದುರು "ಗಡ್ಡೆ" ಅಂದುಬಿಟ್ಟಿದ್ದೆ. ನೋಡಿದರೆ ಅದು ಗಟ್ಟಿಯಾದ ಮಲ. ಆಕೆ ಅಲ್ಲೇ ಕುಸಿದು ಕುಳಿತಿದ್ದಳು. ಇನ್ನೊಮ್ಮೆ ಹೀಗಾದರೆ ನಿನ್ನ ತರಬೇತಿ ಮುಗಿಯಿತೆಂದು ತಿಳಿ ಎಂದಿದ್ದರು ಡಾಕ್ಟರು.

ಆ ಬುಧವಾರ ಅವರು ಅಂಕೋಲೆಗೆ ಹೋಗಿದ್ದರು. ಮಧ್ಯಾಹ್ನ ತೋಡೂರಿನಿಂದ ಒಬ್ಬ ತಾಯಿ, ಅವಳ ಅತ್ತೆ, ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದರು. ಬೆಳಗಿನಿಂದ ವಾಂತಿ. ಕಾಲು ಮಡಚಿ ಕಿರುಚುವುದು, ಸುಮ್ಮನಾಗುವುದು, ಮತ್ತೆ ಕಿರುಚುವುದು. ಜೆಲ್ ಹಚ್ಚಿ ಪ್ರೋಬ್ ಇಟ್ಟೆ. ಹೊಟ್ಟೆಯ ಬಲಗಡೆ, ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಸುತ್ತಿನೊಳಗೆ ಸುತ್ತು. ಕರುಳಿನೊಳಗೆ ಕರುಳು ಹೊಕ್ಕಿದೆ. ತಡವಾದರೆ ಕೊಳೆಯುತ್ತದೆ, ಕೂಸು ಉಳಿಯುವುದಿಲ್ಲ. ಅಥವಾ ಇದು ನನ್ನ ಎರಡನೇ "ಗಡ್ಡೆ"ಯೋ? ಅಂಕೋಲೆಗೆ ಫೋನ್ ಮಾಡಿದರೆ ಡಾಕ್ಟರು ಆಗಲೇ ಹೊರಟಾಗಿತ್ತು. ದಾರಿಯಲ್ಲಿ ಅವರ ಮೊಬೈಲ್ ಸಿಗಲಿಲ್ಲ.

ಅಷ್ಟರಲ್ಲಿ ಕೂಸು ನಿದ್ದೆ ಹೋಯಿತು. ಈ ಕಾಯಿಲೆಯ ಮೋಸವೇ ಅದು.

"ಕಂಡ್ಯಾ, ಮದ್ದು ಹಚ್ಚಿದ್ ಕೂಡ್ಲೇ ಕಮ್ಮಿ ಆಯ್ತು" ಎಂದಳು ಅತ್ತೆ, ಜೆಲ್ ಒರೆಸಲು ಸೆರಗು ಹಿಡಿದು. "ನಡಿಯೇ, ಬಸ್ ತಪ್ತದೆ."

"ಡಾಕ್ಟರು ಬರಲಿ, ಕೂತ್ಕೊಳ್ಳಿ ಅಮ್ಮಾ."

"ನಿದ್ದೆ ಮಾಡೂ ಕೂಸ್ನ ಇಟ್ಕಂಡು ಇಲ್ಲಿ ಎಂತಾ ಮಾಡೂದು ತಂಗೀ?"

ನಿಜ ಹೇಳಿದ್ದರೆ ಸಾಕಿತ್ತು. ಆದರೆ ಹಾಲಿನಿಂದ ಬಾಯಿ ಸುಟ್ಟವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. "ಒರೆಸಬೇಡಿ!" ಎಂದು ಕೂಗಿದೆ. "ಆ ಮದ್ದನ್ನು ಡಾಕ್ಟರೇ ಬಂದು ತೆಗೀಬೇಕು. ಬಸ್ಸಿನ ಗಾಳಿ ತಾಗಿದರೆ ಕೆಡ್ತದೆ."

ಅವರು ನಂಬಿದರು. ತಾಯಿ ಫ್ಯಾನ್ ಆರಿಸಲು ಹೇಳಿ, ಕೂಸಿನ ಹೊಟ್ಟೆಗೆ ಬಟ್ಟೆ ತಾಗದಂತೆ ಅಂಗೈ ಅಡ್ಡ ಹಿಡಿದು ಬೆವರುತ್ತ ಕುಳಿತಳು. ನಾನು ಕಿಟಕಿಗೂ ಬಾಗಿಲಿಗೂ ಓಡಾಡಿದೆ. ಮುಕ್ಕಾಲು ಗಂಟೆಯಲ್ಲಿ ಕೂಸು ಎರಡು ಸಲ ಎದ್ದು ಕಿರುಚಿತು. ಎರಡನೇ ಸಲ ಕೂಸಿನ ಕೆಳಗಿನ ಬಟ್ಟೆಯ ಮೇಲೆ ರಕ್ತ ಬೆರೆತ ಲೋಳೆ ಕಂಡಿತು.

ಡಾಕ್ಟರು ಬಂದರು, ನೋಡಿದರು, ಕೂಡಲೇ ಕಾರು ತರಿಸಿ ಗೋವಾದ ಆಸ್ಪತ್ರೆಗೆ ಕಳಿಸಿದರು. ಕಾರು ಹೋದ ಮೇಲೆ ಎಲ್ಲ ಹೇಳಿದೆ. "ಸುಳ್ಳು ಹೇಳುವುದನ್ನು ನಾನು ಕಲಿಸಿಲ್ಲ" ಎಂದರು, ಅಷ್ಟೇ. ಆಪರೇಷನ್ ಆಗಿ ಕೂಸು ಉಳಿಯಿತು ಎಂಬ ಸುದ್ದಿ ಬಂದಾಗ ಒಳಗೊಳಗೇ ಬೀಗಿದೆ, ನನ್ನ ಸುಳ್ಳೇ ಉಳಿಸಿತು ಎಂದು.

ತಿಂಗಳಾದ ಮೇಲೆ ಆ ತಾಯಿ ಒಬ್ಬಳೇ ಬಂದಳು, ಕೈಯಲ್ಲಿ ಸ್ಟೀಲ್ ಡಬ್ಬಿ.

"ಬಾಜೂ ಮನೆ ಕೂಸಿಗೆ ನಿನ್ನೆಯಿಂದ ಹೊಟ್ಟೆನೋವು, ವಾಂತಿ. ಇಲ್ಲಿಗೆ ತರೂಕೆ ಹೊರಟಿದ್ರು. ನಾನೇ ಬ್ಯಾಡ ಅಂದೆ. ನನ್ ಕೂಸ್ನ ಗೋವಾ ತನಕ ಉಳಿಸಿದ್ದು ಆ ಮದ್ದೇ ಅಲ್ದಾ. ಆ ಮದ್ದು ಚೂರು ಕೊಡಿ, ಹಚ್ತೆ" ಎಂದು ಖಾಲಿ ಡಬ್ಬಿಯ ಮುಚ್ಚಳ ತೆಗೆದಳು.

"ಅದು ಮದ್ದಲ್ಲ" ಎಂದೆ. "ಸ್ಕ್ಯಾನ್ ಮಾಡಲು ಹಚ್ಚುವ ಲೋಳೆ ಅಷ್ಟೇ. ನೀವು ಹೋಗಬಾರದೆಂದು ಸುಳ್ಳು ಹೇಳಿದೆ. ಆ ಕೂಸನ್ನು ಈಗಲೇ ಕರೆತನ್ನಿ."

ಅವಳು ನನ್ನನ್ನೇ ನೋಡಿದಳು. "ಹಾಂಗಾರೆ ನನ್ ಕೂಸಿಗೆ ಎಂತಾ ಆಗಿದೆ ಅಂತ ನಿಮ್ಗೆ ಆ ದಿವ್ಸವೇ ಗೊತ್ತಿತ್ತಾ?"

"ಗೊತ್ತಿತ್ತು."

"ನಂಗೆ ಹೇಳೂಕೆ ಎಂತಾ ಆಗಿತ್ತು? ನಾ ತಾಯಿ ಅಲ್ದಾ?"

ಉತ್ತರಕ್ಕೆ ಕಾಯದೆ, ಡಬ್ಬಿಯ ಮುಚ್ಚಳ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಓಡಿದಳು.