ಯಂತ್ರ ಹಾಳು ಮಾಡಿದ ಕೂಸು

ತುಕ್ಕು ಹಿಡಿದ ಮುಚ್ಚಳ ಕೊನೆಗೂ ಬಿಚ್ಚಿಕೊಂಡು, ಆ ಹಳೆಯ ಎಸ್ಪ್ರೆಸೊ ಯಂತ್ರದ ಬಾಯ್ಲರಿಗೆ ಬಿಸಿನೀರು ಸುರಿದಾಗ ಎದ್ದು ಬಂದದ್ದು ಕಾಫಿಯ ವಾಸನೆಯಲ್ಲ. ಸೀದ ಬೆಲ್ಲ, ಜೀರಿಗೆ, ಕೊತ್ತಂಬರಿ, ಅವುಗಳ ಹಿಂದೆ ಎಲ್ಲೋ ಒಂದಿಷ್ಟು ಕಾಳುಮೆಣಸು. ಹೊಸನಗರದ ನನ್ನ ಅಡುಗೆಮನೆಯಲ್ಲಿ ಕೈಯೆಲ್ಲ ಮಸಿ ಮಾಡಿಕೊಂಡು ನಿಂತಿದ್ದವಳಿಗೆ ಸಾಗರದ ನಮ್ಮ ಮನೆ, ಅಜ್ಜಿ, ಅವಳ ಒಲೆ ಎಲ್ಲವೂ ಒಟ್ಟಿಗೇ ಎದುರಿಗೆ ಬಂದವು. ಬೆನ್ನಿಗೇ ಸಿಟ್ಟೂ ಬಂತು. ಇಷ್ಟು ವರ್ಷ ನಾನು ಹೊತ್ತ ಅಪವಾದಕ್ಕೆ ಉತ್ತರ ಈ ಬಾಯ್ಲರಿನ ತಳದಲ್ಲೇ ಕರಿ ಗಟ್ಟಿಯಾಗಿ ಕೂತಿತ್ತು!

ನಾವಿದ್ದದ್ದು ಸಾಗರದ ಪೇಟೆಯೊಳಗೆ, ಅಪ್ಪನ ಅಚ್ಚುಕೂಟದ ಹಿಂದಿನ ಮೂರು ಕೋಣೆಗಳಲ್ಲಿ. ಮುಂದಿನಿಂದ ಮಸಿಯ ವಾಸನೆ, ಹಿಂದಿನಿಂದ ಅಜ್ಜಿಯ ಕಷಾಯದ ವಾಸನೆ, ಎರಡೂ ಬೆರೆಯುವ ನಡುಕೋಣೆಯಲ್ಲಿ ನನ್ನ ಓದು, ಆಟ, ನಿದ್ದೆ. ಕರೆಯೋಲೆ ಅಚ್ಚು ಹಾಕಿಸಲು ಬಂದ ಹೆಣ್ಣಿನಪ್ಪನಿರಲಿ, ಕಾಗದದ ಹೊರೆ ಇಳಿಸಲು ಬಂದ ಹಮಾಲಿಯಿರಲಿ, ಅಜ್ಜಿ ಬಾಗಿಲಿಗೆ ಬಂದು ಮೊದಲು ಕೇಳುತ್ತಿದ್ದುದು "ಆಸರಿಗೆ ಎಂತ ಮಾಡ್ಲಿ?" ಎಂದು. ಬಾಯಾರಿ ಬಂದವರಿಗೆ ಏನಾದರೂ ಕುಡಿಯಲು ಕೊಡದೆ ಅವಳು ಮಾತಿಗೇ ಕೂರುತ್ತಿರಲಿಲ್ಲ. ಕೇಳುವುದೇನೋ ಕೇಳುವಳು, ಕೊಡುವುದು ಮಾತ್ರ ಕಷಾಯವೇ. ಕಾಫಿಯನ್ನು ಅವಳು ಮೂಸಿಯೂ ನೋಡಿದವಳಲ್ಲ.

ಅವಳ ಮಗಳು, ನನ್ನ ಗೌರತ್ತೆ, ಮಸ್ಕತ್ತಿನಲ್ಲಿ ನರ್ಸ್ ಆಗಿದ್ದಳು. ಮಗಳು ಸಮುದ್ರ ದಾಟಿ ಹೋದದ್ದು ಅಜ್ಜಿಗೆ ಒಪ್ಪಿಗೆಯಿರಲಿಲ್ಲ. ಒಂದು ರಜೆಯಲ್ಲಿ ಅತ್ತೆ ಈ ಯಂತ್ರವನ್ನು ಸೀರೆಗಳ ನಡುವೆ ಸುತ್ತಿ ತಂದಳು. ಕೆಂಪು ಮೈ, ಬೆಳ್ಳಿಯ ಹಾಗೆ ಹೊಳೆಯುವ ಮೂತಿ, ಪಕ್ಕದಲ್ಲಿ ಹಾಲಿಗೆ ನೊರೆ ಬರಿಸುವ ಕೊಳವೆ. ನಾವೆಲ್ಲ ಮೂಗಿಗೆ ನೊರೆ ಅಂಟಿಸಿಕೊಂಡು ಕುಡಿದೆವು. ಅಜ್ಜಿ ಮಾತ್ರ "ಅದ್ರಲ್ಲಿ ಎಂತ ಇದ್ದು? ನಂಗೆ ಬ್ಯಾಡ" ಎಂದು ಮುಖ ತಿರುಗಿಸಿದಳು. ತಾನು ತಂದದ್ದು ಬೇಡ ಎಂದರೆ ತಾನೂ ಬೇಡ ಎಂದೇ ಅತ್ತೆ ತಿಳಿದುಕೊಂಡಳು. ರಜೆ ಮುಗಿಸಿ ಹೊರಟ ದಿನ ತಾಯಿಯ ಕಾಲಿಗೆ ಬಿದ್ದಳೇ ಹೊರತು ಮಾತಾಡಲಿಲ್ಲ.

ಮುಂದಿನ ಸಲ ಬಂದವಳು ಆಸೆಯಿಂದ ಯಂತ್ರಕ್ಕೆ ನೀರು ತುಂಬಿ ಸ್ವಿಚ್ ಹಾಕಿದರೆ ಒಂದು ತೊಟ್ಟೂ ಇಳಿಯಲಿಲ್ಲ. ಮುಚ್ಚಳದ ಸುತ್ತ ಹಬೆ ಬುಸುಗುಟ್ಟತೊಡಗಿತು. ಅಪ್ಪ ಹೆದರಿ ಪ್ಲಗ್ ಕಿತ್ತು, ಅದನ್ನು ಅಟ್ಟಕ್ಕೆ ಹಾಕಿಬಿಟ್ಟ. ಎಲ್ಲರೂ ನನ್ನ ಕಡೆ ನೋಡಿದರು. ಹಬೆಯ ಸದ್ದು ಕೇಳಲೆಂದು ಅದರ ಗುಬುಟು ತಿರುಗಿಸುತ್ತಿದ್ದವಳು ನಾನೇ ತಾನೆ! ನಾನಲ್ಲ, ನಾನಲ್ಲ ಎಂದು ಅತ್ತದ್ದೇ ಬಂತು. ಅಜ್ಜಿ ಮಾತ್ರ ಒಲೆಯ ಬೂದಿ ಕೆದಕುತ್ತ ಕೂತಿದ್ದಳು.

ಅಂದಿನಿಂದ ನಾನು ಯಂತ್ರ ಹಾಳು ಮಾಡಿದ ಕೂಸು. ನನ್ನ ಮದುವೆಯಲ್ಲಿ ಗಂಡಿನ ಕಡೆಯವರಿಗೆ ಅತ್ತೆ ನನ್ನನ್ನು ಪರಿಚಯಿಸಿದ್ದೂ ಹಾಗೆಯೇ. ಎಲ್ಲರೂ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಜ್ಜಿ ಹೋದಳು, ಅಪ್ಪ ಅಮ್ಮ ಹೋದರು, ರಸ್ತೆ ಅಗಲವಾಗುವಾಗ ಅಚ್ಚುಕೂಟವೂ ಮನೆಯೂ ಹೋದವು. ಅಟ್ಟದ ಸಾಮಾನಿನ ಚೀಲದಲ್ಲಿ ಈ ಯಂತ್ರ ನನ್ನ ಪಾಲಿಗೆ ಬಂತು. ಸರಿಮಾಡಿ, ನಿವೃತ್ತಳಾಗಿ ತೀರ್ಥಹಳ್ಳಿಯಲ್ಲಿರುವ ಅತ್ತೆಯ ಮುಂದಿಟ್ಟು, ನೋಡು ನಾನು ಹಾಳು ಮಾಡಿದ್ದಲ್ಲ ಎನ್ನದಿದ್ದರೆ ನನಗೆ ಸಮಾಧಾನವಿರಲಿಲ್ಲ.

ಆದರೆ ಆ ದರಿದ್ರ ಯಂತ್ರ ನನ್ನನ್ನು ಆಡಿಸದ ಆಟವಿಲ್ಲ. ಅದರ ರಬ್ಬರ್ ಉಂಗುರ ಎಲ್ಲಿಯೂ ಸಿಗಲಿಲ್ಲ. ಸಾಗರದಲ್ಲಿ ಕುಕ್ಕರ್ ರಿಪೇರಿಯವನು ಕೊಟ್ಟದ್ದು ಸಡಿಲ, ಆನ್‌ಲೈನಿನಲ್ಲಿ ತರಿಸಿದ್ದು ಬಿಗಿ. ಹೊಸನಗರದ ಎಲೆಕ್ಟ್ರಿಷಿಯನ್ ವೈರ್ ಬದಲಿಸಿ, ಇದರ ಬದಲು ಮಿಕ್ಸಿ ತಗೊಳ್ಳಿ ಮೇಡಂ ಎಂದು ಬುದ್ಧಿ ಹೇಳಿದ. ಉಂಗುರ ಸರಿಯಾದರೆ ಕೊಳವೆ ಕಟ್ಟುವುದು, ಕೊಳವೆ ಬಿಡಿಸಿದರೆ ಉಂಗುರ ಸೋರುವುದು. ಒಂದು ದಿನ ಎತ್ತಿ ಬಾವಿಗೆ ಎಸೆಯುತ್ತೇನೆಂದು ಹಿತ್ತಲವರೆಗೂ ಒಯ್ದಿದ್ದೆ. ಬಾಯ್ಲರಿನ ಗಟ್ಟಿಯನ್ನು ಮಾತ್ರ ಕೆರೆದು ತೆಗೆದು, ಸಾಕ್ಷಿಗೆಂದು ಸ್ಟೀಲಿನ ಡಬ್ಬಿಯಲ್ಲಿ ಜೋಪಾನವಾಗಿಟ್ಟೆ. ಕಡೆಗೆ ಒಂದು ಬೆಳಿಗ್ಗೆ, ಕುಕ್ಕರಿನ ಉಂಗುರವನ್ನೇ ಕತ್ತರಿಸಿ ಕೂರಿಸಿದಾಗ, ಕಪ್ಪು ಕಾಫಿ ಸಣ್ಣ ಧಾರೆಯಾಗಿ ಇಳಿಯಿತು.

ಯಂತ್ರವನ್ನು ತೀರ್ಥಹಳ್ಳಿಗೆ ಒಯ್ದು, ಅದರಲ್ಲೇ ಅತ್ತೆಗೆ ಕಾಫಿ ಮಾಡಿ ಕೊಟ್ಟೆ. ಅವಳು ಲೋಟ ಎತ್ತುವ ಮೊದಲೇ ಡಬ್ಬಿ ತೆರೆದು ಮುಂದೆ ಹಿಡಿದು, ವಕೀಲರ ಹಾಗೆ ಎಲ್ಲವನ್ನೂ ಹೇಳಿದೆ. ಇದು ನೀರು ಹಾಕುವ ಜಾಗದಲ್ಲಿತ್ತು, ಬೆಲ್ಲ ಕಷಾಯದ ಪುಡಿ ಎಲ್ಲ ಸೇರಿಸಿ ಅಲ್ಲೇ ಕುದಿಸಿದ್ದಾರೆ, ಯಾರೆಂದು ನೀನೇ ಹೇಳು ಎಂದೆ. ಅತ್ತೆ ಡಬ್ಬಿಯನ್ನು ಮೂಗಿಗೆ ಹಿಡಿದಳು. ಬಹಳ ಹೊತ್ತು ಇಳಿಸಲೇ ಇಲ್ಲ.

"ಇದು ಅಮ್ಮನ ಕಷಾಯ" ಎಂದಳು. ಆಮೇಲೆ, "ನಾ ತಂದಿದ್ರಲ್ಲೇ ಮಾಡ್ಕಂಡು ಕುಡದ್ದು, ನೋಡೇ ಕೂಸೆ."

ಗೆದ್ದೆನೆಂಬ ಖುಷಿ ಅಲ್ಲಿಗೇ ಇಂಗಿಹೋಯಿತು. ಮಗಳು ದೂರವಿದ್ದಾಗ, ಯಾರೂ ಇಲ್ಲದ ಹೊತ್ತು ನೋಡಿ, ಬೇಡವೆಂದ ಯಂತ್ರದ ಮುಂದೆ ಕೂತು ಕಷಾಯ ಕಾಸಿಕೊಂಡ ಅಜ್ಜಿ ನನ್ನ ಕಣ್ಣಿಗೂ ಕಂಡಳು. ನನ್ನ ಪಾಲಿಗೆ ಅದು ತಪ್ಪಿನ ಸಾಕ್ಷಿ, ಅತ್ತೆ ಜೀವಮಾನವೆಲ್ಲ ಕಾದದ್ದು ಅದಕ್ಕೇ. ಲೋಟದಲ್ಲಿ ಕಾಫಿ ಆರುತ್ತಿತ್ತು.

ಆಗಲೇ ಪಕ್ಕದ ಮನೆಯಾಕೆ ಒಳಗೆ ಬಂದು, ಇದೆಂತ ಹೊಸ ಮಿಷನ್ನು ಎಂದು ಕೇಳಿದಳು.

"ಹಳೇದೇ. ಹಾಳು ಮಾಡಿದ್ದು ನಮ್ಮ ಈ ಕೂಸು" ಎಂದಳು ಅತ್ತೆ, ನನ್ನ ಕಡೆ ನೋಡದೆ.

"ಹೌದು, ನಾನೇ" ಎಂದೆ.

ಅತ್ತೆ ಡಬ್ಬಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಎದ್ದಳು. ಪಕ್ಕದ ಮನೆಯಾಕೆಗೆ ಮಣೆ ಸರಿಸುತ್ತ, ಥೇಟು ಅಜ್ಜಿಯದೇ ದನಿಯಲ್ಲಿ, ಆಸರಿಗೆ ಎಂತ ಮಾಡ್ಲಿ ಎಂದು ಕೇಳಿದಳು.