ಸಂಗಡಿಗರಲ್ಲಿ ಒಬ್ಬಳು

ನನ್ನ ಆತ್ಮಕಥೆ ಅಚ್ಚಾಗಿ ಬಂದ ವಾರವೇ ಅಣ್ಣ ಫೋನು ಮಾಡಿದ. ನಾನು ಯಮಕನಮರಡಿಯ ಮನೆಯಲ್ಲಿ ಪ್ರತಿಗಳ ಗಂಟು ಬಿಚ್ಚುತ್ತ ಕೂತಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಊರಿನಲ್ಲಿ ಅದನ್ನು ಓದಿ ಹೇಳುವ ಕಾರ್ಯಕ್ರಮ ಗೊತ್ತಾಗಿತ್ತು.

"ಪುಸ್ತಕ ಚಲೋ ಐತಿ," ಅಂದ. "ಆದರ ಹುಕ್ಕೇರಿಯೊಳಗ ಆ ಒಂದ ಪುಟ ಓದಬ್ಯಾಡ. ಅಲ್ಲಿ ನಾನ ಮುಖ್ಯ ಅತಿಥಿ."

ಆ ಪುಟದಲ್ಲಿ ಇರುವುದು ಇಷ್ಟೇ. ಅಣ್ಣನ ಭಜನಾ ಮೇಳದಲ್ಲಿ ನಲವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವಳು ನಾನು. ಅವನಿಗೆ ಹೆಸರು ತಂದುಕೊಟ್ಟ ಧಾಟಿಗಳನ್ನು ಕಟ್ಟಿದವಳೂ ನಾನೇ. ನಾವು ಬೆಳೆದದ್ದು ಗೋಕಾಕ ಫಾಲ್ಸಿನ ಗಿರಣಿ ಕೆಲಸಗಾರರ ಚಾಳಿನಲ್ಲಿ. ಅಲ್ಲಿ ರೊಟ್ಟಿ ಬಡಿಯುತ್ತ, ಗುನುಗುತ್ತ ಅವನ್ನು ಕಟ್ಟಿದ್ದು. ಕರಪತ್ರದಲ್ಲಿ, ಮೈಕಿನಲ್ಲಿ, ಶಾಲು ಹೊದಿಸುವಾಗ ಅಣ್ಣನ ಹೆಸರು ಬರುತ್ತಿತ್ತು, ಅದರ ಬೆನ್ನಿಗೆ 'ಮತ್ತು ಸಂಗಡಿಗರು' ಅಂತ ಬರುತ್ತಿತ್ತು. ಆ ಸಂಗಡಿಗರು ಅಂದರೆ ನಾನು, ಒಬ್ಬ ತಬಲಾದವ, ಇಬ್ಬರು ತಾಳದವರು.

ಓದಬೇಡ ಅಂದನಲ್ಲ, ಓದೇ ಓದುತ್ತೇನೆ ಅಂತ ಹಟ ಹಿಡಿದೆ. ಈ ತಿರುಗಾಟ ಮುಗಿಯುವ ತನಕ ಪೇಟಿ ಮುಟ್ಟುವುದಿಲ್ಲ ಅಂತಲೂ ನಿರ್ಧಾರ ಮಾಡಿದೆ.

ಗೋಕಾಕದಲ್ಲಿ ಸಂಘಟಕರು ಶಾಲು ಹೊದಿಸಿ, ಕರದಂಟಿನ ಡಬ್ಬಿ ಕೈಗಿಟ್ಟು, ಮೈಕು ಕೊಡುವ ಮೊದಲೇ ಕೇಳಿದರು: "ಅಕ್ಕಾರ, ಪೇಟಿ ತಂದಿಲ್ಲೇನ್ರಿ? ಎರಡ ಪದಾ ಹಾಡಿದ್ರ ಮಂದಿ ಕೂಡತಿದ್ರು."

"ಇವತ್ತ ಓದಾಕ ಬಂದೇನ್ರಿ," ಅಂದೆ. ಹಿಂದಿನ ಎರಡು ಸಾಲು ಎದ್ದು ಹೋದವು. ಹೋದರೆ ಹೋಗಲಿ, ಕೂತವರಿಗೆ ಆ ಪುಟವನ್ನೇ ಓದಿದೆ.

ಮೂಡಲಗಿಯಲ್ಲಿ ಓದು ಮುಗಿಸುತ್ತಲೇ ನಿವೃತ್ತ ಮಾಸ್ತರರೊಬ್ಬರು ಎದ್ದು ನಿಂತರು. "ಮುಪ್ಪಿನ ಕಾಲಕ್ಕ ಒಡಹುಟ್ಟಿದ ಅಣ್ಣನ ಮಾನಾ ತಗೀತೀರಲ್ರಿ, ಇದು ಚಂದೇನ್ರಿ?"

ನಾನು ಮೈಕು ಬಿಡಲಿಲ್ಲ. "ಪುಸ್ತಕ ಓದೀರೇನ್ರಿ, ಸರ?"

"ಇಲ್ರಿ. ಅವರಿವರು ಅಂದದ್ದ ಕೇಳೇನಿ."

"ಹಂಗಾರ ಓದಿ ಬೈರಿ," ಅಂತ ಒಂದು ಪ್ರತಿ ಅವರ ಕೈಗೇ ಕೊಟ್ಟೆ. ಪಾಪ, ತಗೊಂಡು ಕೂತರು.

ಹುಕ್ಕೇರಿಯ ವೇದಿಕೆಯಲ್ಲಿ ಜಮಖಾನ ಹಾಸಿ, ನನ್ನ ಬಾಜೂಕ್ಕೆ ಒಂದು ಪೇಟಿ ತಂದಿಟ್ಟಿದ್ದರು. ಅದರ ಮೇಲಿನ ಬಟ್ಟೆ ನಾನು ತೆಗೆಯಲಿಲ್ಲ. ನನ್ನ ಬಲಕ್ಕೆ ಅಣ್ಣ ಕೂತಿದ್ದ. ಅವನಿಗೆ ಕೇಳುವ ಹಾಗೆ, ಒಂದು ಅಕ್ಷರ ಬಿಡದೆ, ಆ ಪುಟ ಓದಿದೆ. ಅವನು ತಲೆ ಎತ್ತಲಿಲ್ಲ.

ಅವನ ಸರದಿ ಬಂತು. "ನಮ್ಮ ತಂಗಿ ಸಿಟ್ಟಿನ್ಯಾಗ ಏನೇನೋ ಬರದಾಳ," ಅಂದ. "ನಾ ಮಾತಾಡೂದಿಲ್ಲ. ಹಾಡತೇನಿ." ಚಪ್ಪಾಳೆ ಬಿತ್ತು.

ಕಣ್ಣು ಮುಚ್ಚಿ ಗಂಟಲು ಸರಿಮಾಡಿಕೊಂಡ. ಆಮೇಲೆ ಎಡಗೈಯನ್ನು ನನ್ನ ಕಡೆಗೆ ಚಾಚಿದ. ಅವನ ರೂಢಿ ಅದು. ಆ ಕೈ ಬಂದ ಕೂಡಲೇ ನಾನು ಪೇಟಿಯಲ್ಲಿ ಶ್ರುತಿ ಕೊಡಬೇಕು, ಅದನ್ನು ಹಿಡಿದು ಅವನು ಪದ ಎತ್ತಬೇಕು. ನಲವತ್ತು ವರ್ಷ ಹಾಗೇ ನಡೆದಿತ್ತು. ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಸುಮ್ಮನೆ ಕೂತೆ.

ಅವನು ತಾನೇ ಎತ್ತಿದ. ಬಹಳ ಮೇಲೆ ಎತ್ತಿಬಿಟ್ಟಿದ್ದ. ಎರಡನೆಯ ಸಾಲಿಗೆ ದನಿ ಒಡೆಯಿತು. ಮತ್ತೆ ಎತ್ತಿದ, ಮತ್ತೆ ಒಡೆಯಿತು. ಕಣ್ಣು ತೆರೆದು ನನ್ನನ್ನು ನೋಡಿದ. ನನ್ನ ಕೈ ತಾನಾಗಿ ಪೇಟಿಯ ಕಡೆ ಹೋಯಿತು, ಸುಳ್ಳು ಯಾಕೆ ಹೇಳಲಿ; ಹಿಂದಕ್ಕೆ ಎಳೆದುಕೊಂಡೆ.

"ಸೂರ ಕೊಡು, ತಂಗಿ," ಅಂದ ಮೆಲ್ಲಗೆ.

"ಕೊಡತೇನಿ. ಮೊದಲ ನನ್ನ ಹೆಸರ ಹೇಳು."

"ಎಲ್ಲಾರಿಗೂ ಗೊತ್ತೈತಿ ನೀ ಯಾರಂತ."

"ಯಾರಿಗೂ ಗೊತ್ತಿಲ್ಲ, ಅಣ್ಣಾ. ಮೈಕಿನ್ಯಾಗ ಹೇಳು."

ಹೊದಿಸಿದ್ದ ಶಾಲು ತೆಗೆದು ಮಡಚಿದ. ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ, ಮೈಕು ಹತ್ತಿರ ಎಳೆದುಕೊಂಡ. "ಈ ಪದದ ಧಾಟಿ ಕಟ್ಟಿದಾಕಿ..." ಅಂದು, ನನ್ನ ಹೆಸರು ಹೇಳಿದ. ಅದರ ಜೋಡಿ ಅಡ್ಡಹೆಸರನ್ನೂ ಹೇಳಿದ. ಗಂಡನ ಮನೆಯದಲ್ಲ, ನಮ್ಮಪ್ಪನ ಮನೆಯದು.

ಪೇಟಿಯ ಮೇಲಿನ ಬಟ್ಟೆ ತೆಗೆದೆ. ಹಳೆಯ ಎತ್ತರದಲ್ಲಿ ಆ ಪದ ಅವನಿಗೆ ಇನ್ನು ನಿಲುಕುವುದಿಲ್ಲ ಎಂಬುದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಪೇಟಿಯ ಕೀಲಿಗಳ ಮೇಲೆ ಎರಡು ಮನೆ ಕೆಳಗೆ ಸರಿದು ಶ್ರುತಿ ಹಿಡಿದೆ. ಅಣ್ಣ ಹಾಡಿದ.