ಪ್ರಹ್ಲಾದರಾಯರ ಅರ್ಥಿಂಗು

ಬಾಗಲಕೋಟೆಯ ನವನಗರದಲ್ಲಿ ಪ್ರಹ್ಲಾದರಾಯರ ಮನೆ ಯಾವುದು ಎಂದು ಕೇಳಿದರೆ ಯಾರೂ ನಂಬರು ಹೇಳುವುದಿಲ್ಲ. "ಮ್ಯಾಲೆ ತಂತಿ ಕಟ್ಯಾರಲ್ರಿ, ಅದ ನೋಡ್ರಿ" ಎಂದು ಆಕಾಶಕ್ಕೆ ಬೆರಳು ತೋರಿಸುತ್ತಾರೆ. ಹಿತ್ತಲಲ್ಲಿ ಒಂದು ಕಬ್ಬಿಣದ ಕಂಬ, ಅದರ ತಲೆಯಿಂದ ಮೂರು ದಿಕ್ಕಿಗೆ ಇಳಿಬಿಟ್ಟ ಮೂರು ತಂತಿ. ಓಣಿಗೆ ಹೊಸದಾಗಿ ಬಂದವರು, ಬಟ್ಟೆ ಒಣಹಾಕಲು ಇಷ್ಟೆತ್ತರ ಯಾಕಪ್ಪ ಎಂದು ಬೆರಗಾಗುವುದುಂಟು. ಅವು ಏರಿಯಲ್ಲುಗಳು. ರಾಯರು ಹ್ಯಾಮ್ ರೇಡಿಯೊದವರು. ಟೆಲಿಫೋನ್ ಎಕ್ಸ್‌ಚೇಂಜಿನ ನೌಕರಿಯಲ್ಲಿ ಊರವರ ಮಾತನ್ನೆಲ್ಲ ಒಬ್ಬರಿಂದೊಬ್ಬರಿಗೆ ಮುಟ್ಟಿಸಿದ್ದು ಸಾಲದೆಂದು, ಲೈಸೆನ್ಸು ತೆಗೆದುಕೊಂಡು ತಮ್ಮ ಮಾತನ್ನೂ ಗಾಳಿಗೆ ಬಿಡುವ ಹುಚ್ಚು ಹಚ್ಚಿಕೊಂಡವರು.

ಬೆಳಗಿನ ಚಹಾ ಆದ ಮೇಲೆ ಅವರು ಮೈಕು ಹಿಡಿಯುತ್ತಾರೆ. ಅತ್ತ ಇಳಕಲ್ಲಿನಲ್ಲಿ ಮುರ್ತುಜಸಾಬರು ಕಾದಿರುತ್ತಾರೆ. ಅವರದು ನೂಲಿಗೆ ಬಣ್ಣ ಹಾಕುವ ಮನೆತನ. ಎಷ್ಟೋ ಇಳಕಲ್ ಸೀರೆಯ ಕೆಂಪು ಅವರ ಕಡಾಯಿಯಿಂದಲೇ ಎದ್ದದ್ದು. ಇಬ್ಬರೂ ಹರೆಯದಲ್ಲಿ ಒಟ್ಟಿಗೇ ಪರೀಕ್ಷೆಗೆ ಕೂತು, ಒಬ್ಬರ ಮೋರ್ಸ್ ಕಟಕಟವನ್ನು ಒಬ್ಬರು ತಿದ್ದಿ, ಒಟ್ಟಿಗೇ ಪಾಸಾದವರು. ಮುರ್ತುಜಸಾಬರು ಇವತ್ತಿಗೂ ಶುರು ಮಾಡುವುದು ಹೀಗೆ: "ಹೊಳಿಸಾಲ ಓಣಿ, ಹೊಳಿಸಾಲ ಓಣಿ, ಇಳಕಲ್ ಕರಿಲಿಕ್ಕತ್ತೇತಿ."

ಹೊಳಿಸಾಲ ಓಣಿ ಈಗ ಎಲ್ಲಿದೆ? ಹಳೇ ಊರಿನ ಎಷ್ಟೋ ಓಣಿಗಳ ಜೊತೆ ಆಲಮಟ್ಟಿಯ ಹಿನ್ನೀರಿನ ತಳದಲ್ಲಿದೆ. ರಾಯರು ಹುಟ್ಟಿದ ಮನೆ, ಲಗ್ನವಾದ ಅಂಗಳ, ಮೊದಲ ತಂತಿ ಕಟ್ಟಿದ ಮಾಳಿಗೆ ಎಲ್ಲ ಅಲ್ಲೇ ಇದ್ದವು. ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಶುಭದಾ, "ಅಪ್ಪಾ, ಸಾಬರ ಜೋಡಿ ಫೋನಿನ್ಯಾಗ ಮಾತಾಡಿದ್ರ ಆಗಂಗಿಲ್ಲೇನು?" ಎಂದು ಕೇಳಿ ಕೇಳಿ ಸೋತಿದ್ದಾಳೆ. ಫೋನು ನವನಗರಕ್ಕೆ ಬರುತ್ತದೆ. ಹೊಳಿಸಾಲ ಓಣಿಗೆ ಕರೆ ಬರುವುದು ರೇಡಿಯೊದಲ್ಲಿ ಮಾತ್ರ. ಇದನ್ನು ಮಗಳಿಗೆ ಹೇಗೆ ತಿಳಿಸುವುದು?

ಈ ವರ್ಷ ಮೃಗಶಿರಕ್ಕೆ ಮುಂಚಿನ ಅಡ್ಡಮಳೆಯಲ್ಲಿ ಒಂದು ಮಧ್ಯಾಹ್ನ ಹತ್ತಿರದಲ್ಲೇ ಎಲ್ಲೋ ಸಿಡಿಲು ಬಿತ್ತು. ಏರಿಯಲ್ಲಿನ ಗುಂಟ ಒಳಗೆ ಬಂದ ಹೊಡೆತಕ್ಕೆ ಏರಿಯಲ್ಲು ಬದಲಿಸಲು ಮೇಜಿನ ಮೇಲಿದ್ದ ಕೈಸ್ವಿಚ್ಚು ಪಟ್ಟನೆ ಸಿಡಿಯಿತು, ಪಡಸಾಲೆಯ ಟಿ.ವಿ. ಕಪ್ಪಾಯಿತು. ರಾಯರ ಹೆಂಡತಿ ಮಥುರಾಬಾಯಿ ಅಡುಗೆಮನೆಯಿಂದ ಓಡಿ ಬಂದರು. ಗಂಡ ಕುರ್ಚಿಯಲ್ಲಿ ಸುರಕ್ಷಿತವಾಗಿ ಕೂತಿರುವುದನ್ನು ನೋಡಿದ ಮೇಲೆ ಅವರಿಗೆ ಸಿಟ್ಟು ಬಂತು.

"ಮಿರಗದ ಮಳಿ ಬರೂದ್ರೊಳಗ ಇದನ್ನ ನೆಟ್ಟಗ ಮಾಡ್ರಿ. ಆಗಲಿಲ್ಲಂದ್ರ ತಂತಿ ಎಲ್ಲಾ ಇಳಸ್ರಿ. ಈ ವಯಸ್ಸಿನ್ಯಾಗ ನಾ ಸುಟ್ಟ ವಾಸನಿ ನೋಡಿಕೋತ ಓಡಿ ಬರಲಾರೆ."

"ಆತು, ಮಾತು ಕೊಟ್ಟೆ" ಎಂದರು ರಾಯರು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯನಲ್ಲ ಅವರು, ಅದೇ ಫಜೀತಿ.

ಇನ್ನು ಕೈಸ್ವಿಚ್ಚು ಬೇಡ, ಸಿಡಿಲು ಮನೆಯೊಳಗೇ ಬರಬಾರದು ಎಂದು, ಕಂಬದ ಬುಡದಲ್ಲೇ ಕೂರುವ ಸ್ವಿಚ್ಚು ತರಿಸುವುದೆಂದಾಯಿತು. ಒಳಗೆ ಗುಂಡಿ ಒತ್ತಿದರೆ ಹೊರಗಿನ ಪೆಟ್ಟಿಗೆಯಲ್ಲಿ ಟಕ್ಕೆಂದು ಏರಿಯಲ್ಲು ಬದಲಾಗುವಂಥದು. ರಾಯರ ಕಣ್ಣು ಆರು ಏರಿಯಲ್ ಹಿಡಿಸುವ ಭಾರೀ ಪೆಟ್ಟಿಗೆಯ ಮೇಲೆ ಬಿತ್ತು. ಮುರ್ತುಜಸಾಬರು ಗಾಳಿಯಲ್ಲೇ ಜಾಡಿಸಿದರು.

"ಲೇ, ಇರೂವು ಮೂರು ತಂತಿ, ನಿನಗ ಆರು ಬಾಗಲಾ ಯಾಕ ಬೇಕು? ಅದು ಬಳಸದ ತಂತೀನ ಸುಮ್ಮ ಜೋತು ಬಿಡ್ತೈತಿ. ಸಣ್ಣದ ತಗೋ, ಆದ್ರ ಯಾವ ತಂತಿ ಕೆಲಸದಾಗ ಇಲ್ಲ ಅದನ್ನ ನೆಲಕ್ಕ ಮುಟ್ಟಿಸಬೇಕು. ಕರೆಂಟ್ ತಗದ್ರ ಮೂರೂ ನೆಲಕ್ಕ ಕೂಡ್ರಬೇಕು. ಅಂಥಾದ್ದು ತಗೋ."

ಹಾಗೇ ಆಯಿತು. ಸಣ್ಣ ಪೆಟ್ಟಿಗೆ ಬಂತು, ಕಂಬದ ಬುಡಕ್ಕೆ ಕೂತಿತು. ಅದರಿಂದ ನೆಲಕ್ಕೆ ಅಗಲವಾದ ತಾಮ್ರದ ಪಟ್ಟಿ, ಗಿಡ್ಡಗೆ, ಎಲ್ಲೂ ಬಳಸದೆ ನೇರ. ಮನೆಯ ಕರೆಂಟಿನ ಅರ್ಥಿಂಗನ್ನೂ ತಂದು ಅದಕ್ಕೇ ಜೋಡಿಸಿದರು. ಆದರೆ ಎಂಥ ಸ್ವಿಚ್ಚಾದರೂ ಸಿಡಿಲನ್ನು ನೆಲಕ್ಕೆ ದಾಟಿಸಬಲ್ಲದೇ ಹೊರತು, ಆಮೇಲೆ ಅದನ್ನು ನುಂಗಬೇಕಾದದ್ದು ನೆಲವೇ. ನವನಗರದ ನೆಲವೋ, ಹಸಿ ನಿಲ್ಲದ ಒಣ ಗರಸುಕಲ್ಲು! ತೆಗ್ಗು ತೋಡಿಸಿ, ತಾಮ್ರದ ತಗಡು ಹೂಳಿಸಿ, ಉಪ್ಪು ಇದ್ದಲಿ ತುಂಬಿಸಿದರು. ಅರ್ಥಿಂಗು ಅಳೆಯಲು ಎಕ್ಸ್‌ಚೇಂಜಿನ ಗೆಳೆಯರಿಂದ ತಂದ ಮೀಟರು ನಾಲ್ಕು ದಿನ ನಕ್ಕಿತು. ಆಮೇಲೆ ಬಿಸಿಲಿಗೆ ತೆಗ್ಗು ಒಣಗಿತು, ಮೀಟರಿನ ಮುಖ ಬಾಡಿತು. ನೀರು ಹಾಕಿದರೆ ಸರಿಹೋಗುತ್ತದೆ, ಖರೆ. ಆದರೆ ರಾಯರು ಎರಡು ದಿನ ಹಾಕಿ ಮೂರನೆಯ ದಿನ ಮರೆಯುವವರು. ಸಾಲದ್ದಕ್ಕೆ ಒಂದು ಬೆಳಗ್ಗೆ ಮಥುರಾಬಾಯಿಯ ಕೈಗೆ ಸಿಕ್ಕಿಬಿದ್ದರು.

"ನಳಾ ಬರೂದು ವಾರಕ್ಕೊಮ್ಮೆ. ನೀವು ಖಾಲಿ ತೆಗ್ಗಿಗೆ ಕೊಡಗಟ್ಟಲೆ ಸುರೀತೀರಿ! ಏನು ಹುಟ್ಟತದ ಅದರಾಗ?"

ರಾಯರು ಕೊಡ ಕೆಳಗಿಟ್ಟರು. ಹಳೇ ಮನೆಯ ಅರ್ಥಿಂಗು ಹೀಗಿರಲಿಲ್ಲ. ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಯಾರು ಬಂದರೂ ರಾಯರು ಎದೆ ಉಬ್ಬಿಸಿ ತೋರಿಸುತ್ತಿದ್ದರು: "ಇದಕ್ಕ ನಾ ಒಂದ ಹನಿ ನೀರು ಹಾಕಿಲ್ಲ, ಆದ್ರೂ ಹೆಂಗದ ನೋಡ್ರಿ!"

ಮರುದಿನ ಈ ಗೋಳನ್ನು ಮುರ್ತುಜಸಾಬರ ಮುಂದೆ ತೋಡಿಕೊಂಡಾಗ ಅವರು ನಕ್ಕರು. "ನಮ್ಮದು ಚಿಂತಿ ಇಲ್ಲಪಾ. ಅಜ್ಜನ ಕಾಲದಿಂದ ಹಿತ್ತಲದಾಗ ಬಣ್ಣದ ನೀರು ಚೆಲ್ಲತೇವಿ. ನೆಲ ಹಸೀನ ಇರ್ತೈತಿ. ದಿನಾ ಯಾರರೆ ನೀರು ಹಾಕೋ ನೆಲಾ ಇದ್ರ ಅದ ಅರ್ಥಿಂಗು."

ರಾಯರ ಕೈ ಮೈಕಿನ ಮೇಲೇ ನಿಂತಿತು. ಹಳೇ ಮನೆಯಲ್ಲಿ ತಗಡು ಹೂಳಿದ್ದು ತುಳಸಿಕಟ್ಟೆಯ ಮಗ್ಗುಲಲ್ಲಿ. ಹೊಸದಾಗಿ ಮದುವೆಯಾಗಿ ಬಂದಿದ್ದ ಮಥುರಾಬಾಯಿ, "ತುಳಸಿ ಬುಡಕ್ಕ ಗುದ್ದಲಿ ಹಾಕ್ತಾರೇನ್ರಿ?" ಎಂದು ಜಗಳ ತೆಗೆದಿದ್ದರು. ಆಮೇಲೆ ದಿನಾ ಬೆಳಗ್ಗೆ ಮಿಂದು ಬಂದು ತಂಬಿಗೆ ತುಂಬ ನೀರು ಹಾಕಿದವರು ಯಾರು? ಜ್ವರ ಬಂದಾಗಲೂ ಗೋಡೆ ಹಿಡಿದುಕೊಂಡು ಬಂದು ಹಾಕಿದವರು ಯಾರು? ಅಯ್ಯೋ ಮೂಢ! ಇಷ್ಟು ವರ್ಷ ನಿನ್ನ ಅರ್ಥಿಂಗನ್ನು ಕಾದವಳು ಆಕೆ, ಎದೆ ಉಬ್ಬಿಸಿದವನು ನೀನು.

ರಾಯರು ಇದನ್ನು ಹೇಳುತ್ತಲೇ ಮುರ್ತುಜಸಾಬರು, "ಮತ್ತ ಇನ್ನೇನಲೇ! ಕಂಬದ ಬುಡಕ್ಕ ಒಂದು ತುಳಸಿಕಟ್ಟಿ ಕಟ್ಟಸು. ಮಥುರಾ ವೈನಿಗೆ ಹೇಳು" ಎಂದರು.

"ಬ್ಯಾಡಲೇ." ರಾಯರ ದನಿ ಏರಿತು. ಮೊದಲೇ ಅವರು ಮೈಕಿನ ಮುಂದೆ ಕೂತರೆ ರೇಡಿಯೊ ಇಲ್ಲದೆಯೂ ಇಳಕಲ್ಲಿಗೆ ಕೇಳಿಸುವಂತೆ ಮಾತಾಡುವವರು. "ಅದೊಂದು ಆಕೀಗೆ ಕೇಳಲಾರೆ. ಆ ಕಟ್ಟಿ ಮುಣುಗಿದ್ದನ್ನ ಆಕಿ ನೋಡ್ಯಾಳ."

ನೋಡಿದ್ದರು. ಹಿನ್ನೀರು ಓಣಿಗೆ ಬಂದ ವರ್ಷ ಇಬ್ಬರೂ ಹೋಗಿದ್ದರು. ಗೋಡೆಗಳೆಲ್ಲ ಹೋಗಿ ಕಟ್ಟೆಯೊಂದೇ ನಿಂತಿತ್ತು, ದೀಪದ ಗೂಡಿನ ತನಕ ನೀರು. ಮಥುರಾಬಾಯಿ ಅಳಲಿಲ್ಲ. "ದಿನಾ ಒಂದು ತಂಬಿಗಿ ಹಾಕ್ತಿದ್ದೆ. ಇನ್ನ ಬೇಕಾದಷ್ಟು ಆತು ನೋಡ್ರಿ" ಎಂದು ತಿರುಗಿ ನಡೆದಿದ್ದರು. ನವನಗರಕ್ಕೆ ಬಂದ ಮೇಲೆ ತುಳಸಿಯನ್ನು ಅವರು ನೆಲಕ್ಕೆ ಹಚ್ಚಲಿಲ್ಲ. ಹಿಡಿಕೆ ಇರುವ ಎಣ್ಣೆ ಡಬ್ಬಿಯಲ್ಲಿ ನೆಟ್ಟು ಜಗಲಿಯ ಮೇಲಿಟ್ಟರು. ಡಬ್ಬಿ ತುಕ್ಕು ಹಿಡಿದಾಗಲೆಲ್ಲ ಬೇರೆ ಡಬ್ಬಿ, ಅದಕ್ಕೂ ಹಿಡಿಕೆ ಇರಲೇಬೇಕು. ಮಗಳು ಚಂದದ ಕಲ್ಲಿನ ಬೃಂದಾವನ ತರುತ್ತೇನೆಂದಾಗ, "ಬ್ಯಾಡವ್ವಾ, ಇದು ಎತ್ತಿಕೊಂಡು ಹೋಗಲಿಕ್ಕೆ ಬರ್ತದ" ಎಂದಿದ್ದರು. ಆವತ್ತಿನಿಂದ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಿಲ್ಲ.

"ನನ್ನ ರೇಡಿಯೊದ ಸಲುವಾಗಿ ಆಕಿ ತುಳಸಿ ಇಳಸು ಅನ್ನೂದು ನನ್ನಿಂದಾಗಂಗಿಲ್ಲ ಮುರ್ತುಜಾ" ಎಂದರು ರಾಯರು. "ಆಯಿತವಾರ ತಂತಿ ಇಳಸ್ತೇನಿ. ಸಾಕು, ಭಾಳ ವರ್ಷ ಮಾತಾಡಿದ್ವಿ."

ಮುರ್ತುಜಸಾಬರು, "ಹೊಳಿಸಾಲ ಓಣಿ ಮತ್ತೊಮ್ಮಿ ಮುಣುಗಿದಂಗಾತಲೇ" ಎಂದರು. ರಾಯರು ರೇಡಿಯೊ ಆರಿಸಿದರು. ಕಣ್ಣು ತುಂಬಿದ್ದವು, ಒರೆಸಿಕೊಂಡರು.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಎಷ್ಟೋ ಹೊತ್ತಿನಿಂದ ನಿಂತಿತ್ತು. ರಾಯರಿಗೆ ಅದು ಗೊತ್ತಾಗಲಿಲ್ಲ.

ಆಯಿತವಾರ ಬೆಳಗ್ಗೆ ತಂತಿ ಬಿಚ್ಚಲು ಇಕ್ಕಳ ಹಿಡಿದು ಅವರು ಹಿತ್ತಲಿಗೆ ಹೋದರೆ, ಕಂಬದ ಬುಡದಲ್ಲಿ ಎರೆಮಣ್ಣಿನ ಗುಡ್ಡೆ. ಹೊಲದಿಂದ ಮಣ್ಣು ತಂದ ಓಣಿಯ ರಾಜಮಹ್ಮದನ ಟಂಟಂ ಆಟೊ ಆಗಲೇ ತಿರುಗಿ ಹೊರಟಿತ್ತು. ಮಥುರಾಬಾಯಿ ಸೆರಗು ಬಿಗಿದುಕೊಂಡು, ಡಬ್ಬಿಯನ್ನು ಮಗ್ಗುಲಿಗೆ ಮಲಗಿಸಿ, ತುಳಸಿಯ ಬೇರು ಹರಿಯದಂತೆ ಮಣ್ಣು ಸಡಿಲಿಸುತ್ತಿದ್ದರು.

"ಇದೇನು ನಡಿಸೀದಿ?"

"ನಿಂತು ಏನ ನೋಡ್ತೀರಿ? ಆ ತಗಡು ಎಲ್ಲದ ತೋರಸ್ರಿ. ಅದರ ಮ್ಯಾಲೇ ಹಚ್ಚತೇನಿ."

"ಮಥುರಾ, ಇದು ನನ್ನ ಸಲುವಾಗಿ ಬ್ಯಾಡ."

"ನಿಮ್ಮ ಸಲುವಾಗಿ ಅಂತ ಯಾರಂದ್ರು?" ಮಥುರಾಬಾಯಿ ತಲೆ ಎತ್ತಲಿಲ್ಲ. "ದಿನಾ ಬೆಳಗಾದ್ರ ಸಾಬರು ನಮ್ಮ ಓಣಿ ಹೆಸರು ಕರೀತಾರ. ಒಳಗ ನಾ ಒಗ್ಗರಣಿ ಹಾಕೋದು ನಿಲ್ಲಿಸಿ ಕೇಳ್ತೇನಿ. ನಿಮಗೊಬ್ಬರಿಗ ಕೇಳಸ್ತದ ಅಂತ ಮಾಡೀರೇನು?"

ರಾಯರು ಇಕ್ಕಳವನ್ನು ಕಿಸೆಗೆ ಹಾಕಿ, ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಕೈಹಾಕಿದರು.

ಮಿರಗದ ಮೊದಲ ಮಳೆ ಒಂದು ಸಂಜೆ ಆರ್ಭಟಿಸಿ ಬಂತು. ರಾಯರು ಸ್ವಿಚ್ಚಿನ ಕರೆಂಟು ತೆಗೆದರು. ಹೊರಗೆ ಪೆಟ್ಟಿಗೆಯಲ್ಲಿ ಟಕ್ಕೆಂದು ಸದ್ದಾಗಿ ಮೂರು ತಂತಿಯೂ ನೆಲಕ್ಕೆ ಕೂತವು. ಗಂಡಹೆಂಡತಿ ಇಬ್ಬರೂ ಪಡಸಾಲೆಯಲ್ಲಿ ಕೂತು ಗುಡುಗು ಕೇಳಿದರು. ಸಿಡಿಲು ಬಂತು, ಹೋಯಿತು. ಮನೆಯಲ್ಲಿ ಏನೂ ಸುಡಲಿಲ್ಲ.

ಬೆಳಗ್ಗೆ ಮುರ್ತುಜಸಾಬರ ದನಿ ಗಂಟೆ ಹೊಡೆದಂತೆ ಬಂತು: "ಹೊಳಿಸಾಲ ಓಣಿ, ಹೊಳಿಸಾಲ ಓಣಿ! ಅರ್ಥಿಂಗು ಹೆಂಗೈತಿ?"

"ಅದನ್ನ ಅರ್ಥಿಂಗಿನವರಿಗೇ ಕೇಳಬೇಕು, ತಡಿ" ಎಂದು ರಾಯರು ಕಿಟಕಿಯಿಂದ ಇಣುಕಿದರು. ರಾತ್ರಿಯಿಡೀ ನೆನೆದ ನೆಲದ ಮೇಲೆ ಮಥುರಾಬಾಯಿ ತಂಬಿಗೆಯಿಂದ ನೀರು ಹಾಕುತ್ತಿದ್ದರು.

"ಮಳಿ ಆಗ್ಯದಲ್ಲ, ಇವತ್ತು ಯಾಕ?" ಎಂದು ಕೂಗಿದರು ರಾಯರು.

"ಮಳಿ ಅದರ ಪಾಡಿಗೆ ಅದು, ನಾ ನನ್ನ ಪಾಡಿಗೆ ನಾ" ಎಂದರು ಮಥುರಾಬಾಯಿ. ಆಗ ಬೀದಿಯಲ್ಲಿ ಹಳೇ ಕಬ್ಬಿಣದವನ ಕೂಗು ಕೇಳಿತು. ಅವರು ತಂಬಿಗೆ ಕೆಳಗಿಟ್ಟು, ಗೋಡೆಗೆ ಆನಿಸಿದ್ದ ಖಾಲಿ ಡಬ್ಬಿಯನ್ನು ಹಿಡಿಕೆ ಹಿಡಿದು ಎತ್ತಿ ಕಿಟಕಿಯ ಹತ್ತಿರ ತಂದರು.

"ಇದನ್ನ ಅವಗ ಕೊಟ್ಟು ಬರ್ರಿ. ಇನ್ನ ಬೇಕಾಗಂಗಿಲ್ಲ."

ಮುರ್ತುಜಸಾಬರು ಗಾಳಿಯಲ್ಲಿ ಕರೆಯುತ್ತಲೇ ಇದ್ದರು. ರಾಯರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲಿಗೆ ನಡೆದರು.